ಬಿಟ್ಟಿ ಸಾಫ್ಟ್‌ವೇರಿನಲ್ಲಿ ನಾಟಕದ ಬೆಳಕು: ಕ್ಯೂಎಲ್‌ಸಿ ಪ್ಲಸ್ ನಾಲ್ಕು ವರ್ಷ ಬಳಸಿದ ಮೇಲೆ

ಜಿಲ್ಲಾ ಕೇಂದ್ರವೊಂದರ ರಂಗಮಂದಿರ. ಮಧ್ಯಾಹ್ನ ಎರಡು ಗಂಟೆ, ಆರೂವರೆಗೆ ನಾಟಕ. ಬೆಳಕಿನ ಕೋಣೆಯ ಬೀಗ ತೆಗೆದ ಎಲೆಕ್ಟ್ರಿಷಿಯನ್, ದೀಪಗಳನ್ನು ಏರಿಸಿ ಇಳಿಸುವ ಡೆಸ್ಕಿಗೆ ಹೊದಿಸಿದ್ದ ಬೆಡ್‌ಶೀಟ್ ಎತ್ತಿ ತೋರಿಸಿದರು. "ಮೇಡಂ, ಇದು ಗಣೇಶನ ಹಬ್ಬದಿಂದ ಆನ್ ಆಗಿಲ್ಲ. ನೀವು ಸನ್ನೆ ಮಾಡಿ, ನಾನು ಮೇನ್ ಸ್ವಿಚ್ಚಲ್ಲೇ ಹಾಕಿ ಆರಿಸ್ತೀನಿ. ಡ್ಯಾನ್ಸ್ ಪ್ರೋಗ್ರಾಮಿನೋರಿಗೆಲ್ಲ ಹಂಗೇ ಮಾಡೋದು."

ನಮ್ಮ ನಾಟಕಕ್ಕೆ 47 ಕ್ಯೂ, ಅಂದರೆ ಬೆಳಕು ಬದಲಾಗುವ 47 ಘಟ್ಟ. ಅದರಲ್ಲೊಂದು, ಅಜ್ಜಿ ಜಗಲಿಯ ಮೇಲೆ ಒಬ್ಬಳೇ ಕೂತಿರುವಾಗ ಪೂರಾ ಒಂದು ನಿಮಿಷ ತೆಗೆದುಕೊಂಡು ಕತ್ತಲಾಗುವಂಥದ್ದು. ಅದನ್ನು ಮೇನ್ ಸ್ವಿಚ್ಚಲ್ಲಿ ಹೇಗೆ ಮಾಡೋದು?

ಪುಣ್ಯಕ್ಕೆ ಡೆಸ್ಕ್ ಸತ್ತಿದ್ದರೂ ದೀಪಗಳಿಗೆ ಕರೆಂಟ್ ಹದಮಾಡಿ ಕೊಡುವ ಡಿಮ್ಮರುಗಳು ಬದುಕಿದ್ದವು. ಡೆಸ್ಕಿನ ಹಿಂದಿನಿಂದ ದೀಪಗಳಿಗೆ ಆಜ್ಞೆ ಒಯ್ಯುವ ಡಿಎಂಎಕ್ಸ್ ಕೇಬಲ್ ಕಿತ್ತು, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ನನ್ನ ಡಾಂಗಲ್ಲಿಗೆ ಚುಚ್ಚಿದೆ, ಲ್ಯಾಪ್‌ಟಾಪಿನಲ್ಲಿ ಕ್ಯೂಎಲ್‌ಸಿ ಪ್ಲಸ್ ತೆರೆದು ತೆರೆಯ ಮೇಲಿನ ಒಂದನೇ ಫೇಡರ್, ಅಂದರೆ ಜಾರುಪಟ್ಟಿ, ಎತ್ತಿದೆ. ದೀಪ ತೂಗುಹಾಕಿದ್ದ ಮುಂದಿನ ಬಾರಿನ ಎಡತುದಿಯ ಪಾರ್ ದೀಪ ಹತ್ತಿತು. ಎಲೆಕ್ಟ್ರಿಷಿಯನ್ ಲ್ಯಾಪ್‌ಟಾಪನ್ನೊಮ್ಮೆ ದೀಪವನ್ನೊಮ್ಮೆ ನೋಡಿ, "ಇದಕ್ಕೆ ಎಷ್ಟು ಕೊಟ್ರಿ ಮೇಡಂ?" ಅಂದರು. ಸಾಫ್ಟ್‌ವೇರಿಗೆ ಏನೂ ಕೊಟ್ಟಿಲ್ಲ ಅಂದಾಗ ನಂಬಲಿಲ್ಲ.

ನಿಜಕ್ಕೂ ಏನೂ ಕೊಟ್ಟಿಲ್ಲ. ಇದು ಮುಕ್ತ ತಂತ್ರಾಂಶ. ಹಳೆಯ ಕ್ಯೂ ಲೈಟ್ ಕಂಟ್ರೋಲರ್ ಎಂಬುದನ್ನು ಎತ್ತಿಕೊಂಡು ಮಾಸಿಮೊ ಕಲ್ಲೆಗಾರಿ ಎಂಬ ಇಟಲಿಯವರು ಬೆಳೆಸಿದ್ದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ನನ್ನದು ವಿಂಡೋಸ್, 4ನೇ ಆವೃತ್ತಿ. ಇಲ್ಲಿ ಬರೆಯುತ್ತಿರುವುದೆಲ್ಲ ಅದರ ಬಗ್ಗೆಯೇ.

ನನ್ನ ಲೆಕ್ಕ ಹೇಳಿಬಿಡುತ್ತೇನೆ. ಹವ್ಯಾಸಿ ತಂಡಗಳ ನಾಟಕಕ್ಕೆ ಬೆಳಕು ವಿನ್ಯಾಸ ಮಾಡಿ, ಪ್ರೋಗ್ರಾಮೂ ಮಾಡಿ, ಪ್ರದರ್ಶನದ ದಿನ ನಾನೇ ಕೂತು ಓಡಿಸಿದರೆ ಐದು ಸಾವಿರ ಸಿಕ್ಕರೆ ಹೆಚ್ಚು. ಒಳ್ಳೆಯ ಕನ್ಸೋಲೊಂದನ್ನು, ಅಂದರೆ ಬೆಳಕಿನ ಡೆಸ್ಕನ್ನು, ಬಾಡಿಗೆಗೆ ತಂದರೆ ಅಷ್ಟೂ ಅದಕ್ಕೇ ಹೋಯಿತು. ಮದುವೆ, ಕಂಪನಿ ಕಾರ್ಯಕ್ರಮಗಳಲ್ಲಾದರೆ ಬಾಡಿಗೆಯವರೇ ಕನ್ಸೋಲ್ ತರುತ್ತಾರೆ, ನಾನು ಹೋಗಿ ಬೆರಳಾಡಿಸಿ ಬರುತ್ತೇನೆ. ಹೊಟ್ಟೆ ತುಂಬುವುದು ಅದರಿಂದ. ನಾಟಕಕ್ಕೆ ಮಾತ್ರ ನನ್ನ ಚೀಲದಲ್ಲಿರುವುದೇ ಗತಿ.

ಮೊದಲು ಡಾಂಗಲ್ಲಿನ ಮಾತು. ಸಾಫ್ಟ್‌ವೇರ್ ಬೈಯುವವರಲ್ಲಿ ಬಹಳ ಜನ ಬೈಯಬೇಕಾದದ್ದು ಡಾಂಗಲ್ಲನ್ನು. ಡಿಎಂಎಕ್ಸ್ ಎಂದರೆ ಒಂದು ಕೇಬಲಿನಲ್ಲಿ 512 ಚಾನೆಲ್. ಪ್ರತಿ ಚಾನೆಲಿಗೂ 0ಯಿಂದ 255ರ ತನಕ ಒಂದು ಸಂಖ್ಯೆ. ಬದಲಾವಣೆ ಇರಲಿ ಬಿಡಲಿ, ಈ ಸಂಖ್ಯೆಗಳು ಮತ್ತೆ ಮತ್ತೆ ಹೋಗುತ್ತಲೇ ಇರಬೇಕು. 512ನ್ನೂ ಕಳಿಸಿದರೆ ಸೆಕೆಂಡಿಗೆ ಹೆಚ್ಚೆಂದರೆ 44 ಸಲ. ಅಗ್ಗದ ಡಾಂಗಲ್ಲಿನೊಳಗೆ ಬರೀ ಯುಎಸ್‌ಬಿಯಿಂದ ಸೀರಿಯಲ್ಲಿಗೆ ಬದಲಿಸುವ ಚಿಪ್ಪು ಇರುತ್ತದೆ, ತಾಳ ಹಿಡಿಯುವ ಕೆಲಸ ಲ್ಯಾಪ್‌ಟಾಪಿನದೇ. ಲ್ಯಾಪ್‌ಟಾಪ್ ಬೇರೇನೋ ಕೆಲಸದಲ್ಲಿ ಮುಳುಗಿತೋ, ತಾಳ ತಪ್ಪುತ್ತದೆ, ಎಲ್‌ಇಡಿ ಕಣ್ಣು ಮಿಟುಕಿಸುತ್ತದೆ. ನನ್ನ ಮೊದಲ ಡಾಂಗಲ್ ಆನ್‌ಲೈನಿನಲ್ಲಿ ತರಿಸಿದ ಹೆಸರಿಲ್ಲದ ಮಾಲು. ತಾಲೀಮಿನಲ್ಲಿ ಎರಡು ವಾರ ಚೆನ್ನಾಗಿತ್ತು. ಪ್ರದರ್ಶನದ ದಿನ ಶೋಕದ ದೃಶ್ಯದಲ್ಲಿ ಸೈಕ್ ಎಂಬ ಹಿಂಬದಿ ಪರದೆಯ ಮೇಲಿನ ನೀಲಿ ಟಪಟಪ ಅಂದಿತು. ಗುಡುಗು ಮಿಂಚು ಅಂತ ತಿಳಿದ ಪ್ರೇಕ್ಷಕರೊಬ್ಬರು ಆಮೇಲೆ ಬಂದು ಹೊಗಳಿ ಹೋದರು.

ಈಗ ಬಳಸುವುದು ಎಂಟೆಕ್ ಕಂಪನಿಯ ಡಿಎಂಎಕ್ಸ್ ಯುಎಸ್‌ಬಿ ಪ್ರೊ. ಇದಕ್ಕೆ ಒಳಗೇ ಸ್ವಂತ ಪ್ರೊಸೆಸರ್ ಇದೆ, ತಾಳ ಅದೇ ಹಿಡಿಯುತ್ತದೆ. ಬೆಲೆ ಕೇಳಿ ಮನೆಯಲ್ಲಿ ಜಗಳವಾಯಿತು. ಆದರೆ ಅಂದಿನಿಂದ ಮಿಟುಕಿಸಿದ್ದಿಲ್ಲ. ಅದರ ಜೊತೆಗೆ ಇನ್ನೆರಡು ಸಾಮಾನು ಇಟ್ಟುಕೊಳ್ಳಿ. ಒಂದು, ಐದು ಪಿನ್ನಿನಿಂದ ಮೂರು ಪಿನ್ನಿಗೆ ಕನ್ವರ್ಟರ್, ಎರಡೂ ದಿಕ್ಕಿನದು. ಡಿಮ್ಮರಿನಲ್ಲಿ ಐದು ಪಿನ್ ಇರುತ್ತದೆ, ಬಾಡಿಗೆ ಎಲ್‌ಇಡಿಗಳಲ್ಲಿ ಮೂರು. ಇನ್ನೊಂದು, ಸಾಲಿನ ತುದಿಯಲ್ಲಿ ಸಂಕೇತ ಪುಟಿಯದಂತೆ ತಡೆಯುವ ಟರ್ಮಿನೇಟರ್. 120 ಓಮ್ ರೆಸಿಸ್ಟರನ್ನು ಕನೆಕ್ಟರಿನ 2 ಮತ್ತು 3ನೇ ಪಿನ್ನಿಗೆ ಬೆಸುಗೆ ಹಾಕಿ ಸಾಲಿನ ಕೊನೆಯ ದೀಪಕ್ಕೆ ಚುಚ್ಚುವುದು, ಖರ್ಚು ಒಂದು ಕಾಫಿಯಷ್ಟು. ಸೌಂಡಿನವರು "ಮೈಕ್ ಕೇಬಲ್ಲೇ ಹಾಕಿ, ಎಲ್ಲ ಒಂದೇ" ಅನ್ನುತ್ತಾರೆ. ನಾಲ್ಕು ಮಾರು ದೂರಕ್ಕೆ ನಡೆಯುತ್ತದೆ. ಸಭಾಂಗಣದ ಹಿಂದಿನಿಂದ ವೇದಿಕೆಯ ತನಕ ಎಳೆದರೆ ದೀಪಗಳಿಗೆ ಚಳಿಜ್ವರ.

ಇನ್ನು ಸಾಫ್ಟ್‌ವೇರು. ದೀಪಗಳನ್ನು ಸೇರಿಸುವುದು ಸುಲಭ. ಹಳೆಯ ಹ್ಯಾಲೊಜನ್ ಪಾರ್, ಫ್ರೆನೆಲ್‌ಗಳಿಗೆ ಜೆನೆರಿಕ್ ಡಿಮ್ಮರ್ ಅಂತ ಎಷ್ಟು ಬೇಕೋ ಅಷ್ಟು ಚಾನೆಲ್ ಕೊಟ್ಟರಾಯಿತು. ದೊಡ್ಡ ಕಂಪನಿಗಳ, ತಲೆ ತಿರುಗಿಸುವ ಮೂವಿಂಗ್ ಹೆಡ್‌ಗಳು ಪಟ್ಟಿಯಲ್ಲೇ ಸಿಗುತ್ತವೆ. ನಮ್ಮ ಶಾಮಿಯಾನದವರ ಎಲ್‌ಇಡಿ ಪಾರ್‌ಗಳು ಎಲ್ಲಿ ಸಿಗಬೇಕು? ಅವುಗಳ ಮೈಮೇಲೆ ಹೆಸರೇ ಇರುವುದಿಲ್ಲ. ಅದಕ್ಕೆ ಇದರಲ್ಲೇ ಇರುವ ಸಿಂಪಲ್ ಡೆಸ್ಕ್ ಎಂಬ ಪುಟದಲ್ಲಿ ಒಂದೊಂದೇ ಫೇಡರ್ ಎತ್ತಿ, ಯಾವುದು ಕೆಂಪು, ಯಾವುದು ಮಾಸ್ಟರ್, ಯಾವುದು ಸ್ಟ್ರೋಬ್ ಅಂತ ಚೀಟಿಯಲ್ಲಿ ಬರೆದುಕೊಂಡು, ಫಿಕ್ಸ್‌ಚರ್ ಎಡಿಟರಿನಲ್ಲಿ ನಾವೇ ಜಾತಕ ಬರೆಯಬೇಕು. ಹತ್ತು ನಿಮಿಷದ ಕೆಲಸ. ಹೀಗೆ ಬರೆದ ಹನ್ನೊಂದು ಜಾತಕ ನನ್ನ ಬಳಿ ಇವೆ.

ಹೆಸರುಗಳನ್ನು ಕನ್ನಡದಲ್ಲೇ ಕೊಡಬಹುದು ಎಂಬುದು ನನಗೆ ದೊಡ್ಡ ಸಂತೋಷ. ಕ್ಯೂ ಲಿಸ್ಟಿನಲ್ಲಿ "23 ಮಳೆ ನಿಂತ ಮೇಲೆ", "24 ಅಜ್ಜಿ ಒಬ್ಬಳೇ" ಅಂತ ಸಾಲಾಗಿ ಕಾಣುತ್ತದೆ. ನನಗೆ ಜ್ವರ ಬಂದ ದಿನ ತಂಡದ ಹುಡುಗನೊಬ್ಬ, ಬೆಳಕಿನ ಗಂಧಗಾಳಿ ಇಲ್ಲದವನು, ಆ ಪಟ್ಟಿ ನೋಡಿಕೊಂಡು ಸ್ಪೇಸ್‌ಬಾರ್ ಒತ್ತುತ್ತಾ ಇಡೀ ನಾಟಕ ದಾಟಿಸಿದ್ದಾನೆ.

ಈಗ ಕೊರತೆ. ಇದು ನಾಟಕದವರು ನಾಟಕಕ್ಕೆಂದು ಮಾಡಿದ ಸಾಫ್ಟ್‌ವೇರ್ ಅಲ್ಲ. ಬಣ್ಣ ಓಡಿಸುವುದು, ಮೂವಿಂಗ್ ಹೆಡ್ ಸುತ್ತಿಸುವುದು, ಹಾಡಿಗೆ ತಕ್ಕಂತೆ ಮಿಂಚಿಸುವುದು ಇದಕ್ಕೆ ನೀರು ಕುಡಿದಷ್ಟು ಸಲೀಸು. ನಾಟಕಕ್ಕೆ ಬೇಕಾದ್ದು ಟ್ರ್ಯಾಕಿಂಗ್. ಈಯೋಸ್‌ನಂಥ ರಂಗಭೂಮಿಯ ಕನ್ಸೋಲಿನಲ್ಲಿ 5ನೇ ಕ್ಯೂನಲ್ಲಿ ಒಂದು ದೀಪವನ್ನು ಶೇಕಡಾ 60ಕ್ಕೆ ಇಟ್ಟರೆ, ಮುಂದೆ ಎಲ್ಲೋ ನೀವಾಗಿ ಬದಲಿಸುವ ತನಕ ಅದು 60ರಲ್ಲೇ ನಿಂತಿರುತ್ತದೆ. 5ರಲ್ಲಿ 45 ಮಾಡಿದರೆ ಮುಂದಿನ ಕ್ಯೂಗಳಲ್ಲೂ ತಾನಾಗಿ 45. ಇಲ್ಲಿ ಹಾಗಿಲ್ಲ. ಒಂದೊಂದು ಕ್ಯೂನ ದೀಪಗಳ ಮಟ್ಟವನ್ನು ಸೀನು ಅಂತ ಉಳಿಸುತ್ತೇವೆ. ಒಂದೊಂದು ಸೀನೂ ಒಂದೊಂದು ಫೋಟೋ ಇದ್ದಂತೆ, ಪಕ್ಕದ ಫೋಟೋದಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ.

ಇದರ ಪರಿಣಾಮ ಗ್ರ್ಯಾಂಡ್ ರಿಹರ್ಸಲ್ಲಿನ ರಾತ್ರಿ ಹನ್ನೊಂದಕ್ಕೆ ಗೊತ್ತಾಗುತ್ತದೆ. ನಿರ್ದೇಶಕರು ಹತ್ತಿರ ಬಂದು ಮೆತ್ತಗೆ, "ಅಜ್ಜಿ ಕೂರೋ ಜಾಗ ಒಂಚೂರು ಕಮ್ಮಿ ಮಾಡ್ತೀರಾ?" ಅನ್ನುತ್ತಾರೆ. ಅವರಿಗೆ ಅದು ಒಂಚೂರು. ನನಗೆ 14 ಸೀನು. ಒಂದೊಂದನ್ನೇ ತೆರೆದು, ಬದಲಿಸಿ, ಮುಚ್ಚಬೇಕು. ಕೈತಪ್ಪಿದರೆ ಹಿಂದಕ್ಕೆ ಹೋಗಲು ಅಂಡೂ ಕೂಡ ಈ ಆವೃತ್ತಿಯಲ್ಲಿಲ್ಲ.

ಇದಕ್ಕೆ ನಾನು ಕಂಡುಕೊಂಡ ಒಳದಾರಿ ಒಂದಿದೆ. ಇದರ ಪ್ರಾಜೆಕ್ಟ್ ಫೈಲು ಬರೀ ಪಠ್ಯ. ನೋಟ್‌ಪ್ಯಾಡಿನಲ್ಲಿ ತೆರೆದರೆ ಪ್ರತಿ ಸೀನಿನಲ್ಲೂ ದೀಪದ ಸಂಖ್ಯೆ, ಅದರ ಚಾನೆಲ್, ಮಟ್ಟ ಸಾಲಾಗಿ ಬರೆದಿರುತ್ತದೆ. ಶೇಕಡಾ 60 ಎಂದರೆ 153, 45 ಎಂದರೆ 115. ಹುಡುಕು, ಬದಲಿಸು, ಉಳಿಸು. ಹದಿನಾಲ್ಕೂ ಸೀನು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ನಿಮ್ಮ ಏಳನೇ ದೀಪಕ್ಕೆ ಅಲ್ಲಿ 6 ಅಂತಿರುತ್ತದೆ. ದೀಪದ ಸಂಖ್ಯೆಯನ್ನೂ ಸೇರಿಸಿಯೇ ಹುಡುಕಬೇಕು. ಮೊದಲ ಸಲ ನಾನು ಬರೀ 153 ಅಂತ ಹುಡುಕಿ ಎಲ್ಲವನ್ನೂ ಬದಲಿಸಿದ್ದೆ. ಅಜ್ಜಿಯ ಜೊತೆಗೆ ಅರಮನೆಯೂ ಮಂಕಾಯಿತು. ಫೈಲಿನ ಪ್ರತಿ ಇಟ್ಟುಕೊಂಡಿದ್ದೆ ಅಂತ ಬದುಕಿದೆ.

ಅಜ್ಜಿಯ ಮಾತು ಬಂತಲ್ಲ, ಆ ಒಂದು ನಿಮಿಷದ ಫೇಡ್ ಬಗ್ಗೆಯೂ ಹೇಳಬೇಕು. ಹ್ಯಾಲೊಜನ್ ದೀಪದಲ್ಲಿ ಅದು ಬೆಣ್ಣೆ. ತಂತಿ ತಣ್ಣಗಾಗಲು ತನ್ನದೇ ಸಮಯ ತೆಗೆದುಕೊಳ್ಳುವುದರಿಂದ ಸಂಖ್ಯೆಗಳ ನಡುವಿನ ಮೆಟ್ಟಿಲು ಕಣ್ಣಿಗೆ ಬೀಳುವುದಿಲ್ಲ. ಎಲ್‌ಇಡಿಗೆ ಆ ದಾಕ್ಷಿಣ್ಯವಿಲ್ಲ. ಶೇಕಡಾ 20ರಿಂದ ಶುರುವಾದರೆ 51ರಿಂದ 0ಗೆ ಇಳಿಯುವುದು 51 ಮೆಟ್ಟಿಲು. 60 ಸೆಕೆಂಡಿಗೆ ಹಂಚಿದರೆ ಸುಮಾರು 1.2 ಸೆಕೆಂಡಿಗೊಂದು. ಅಗ್ಗದ ಪಾರ್ ಪ್ರತಿ ಮೆಟ್ಟಿಲನ್ನೂ ಕುಂಟುತ್ತಾ ಇಳಿಯುವುದು ಮೂರನೇ ಸಾಲಿನ ತನಕ ಕಾಣುತ್ತದೆ. ಇದು ಸಾಫ್ಟ್‌ವೇರಿನ ತಪ್ಪಲ್ಲ, 255ಕ್ಕೇ ಮುಗಿಯುವ ಎಂಟು ಬಿಟ್ಟಿನ ಲೆಕ್ಕದ ಹಣೆಬರಹ. ನಾನು ಮಾಡುವುದಿಷ್ಟು: ದೀಪದ ಮುಂದೆ ಟ್ರೇಸಿಂಗ್ ಪೇಪರ್ ಎರಡು ಮೂರು ಮಡಿಕೆ ಕಟ್ಟಿ, ಬೇಕಾದ ಮಂದ ಬೆಳಕು ಶೇಕಡಾ 60ರಲ್ಲಿ ಸಿಗುವಂತೆ ಮಾಡಿಕೊಳ್ಳುತ್ತೇನೆ. ಆಗ ಇಳಿಯಲು 153 ಮೆಟ್ಟಿಲು ಸಿಗುತ್ತದೆ, ಕುಂಟು ಬಹುಪಾಲು ಮಾಯ. ಹ್ಯಾಲೊಜನ್ ಮುಂದೆ ಮಾತ್ರ ಕಾಗದ ಕಟ್ಟಬೇಡಿ, ಹೊತ್ತಿಕೊಳ್ಳುತ್ತದೆ.

ಊರೂರು ಸುತ್ತುವವರಿಗೆ ಇದರಲ್ಲಿರುವ ದೊಡ್ಡ ವರ ಫಿಕ್ಸ್‌ಚರ್ ರೀಮ್ಯಾಪ್. ಒಂದೂರಿನಲ್ಲಿ 24 ಡಿಮ್ಮರ್, ಇನ್ನೊಂದರಲ್ಲಿ 12 ಡಿಮ್ಮರ್ ಮತ್ತು ಎಂಟು ಎಲ್‌ಇಡಿ, ಮತ್ತೊಂದರಲ್ಲಿ ಬಾರೇ ಇಲ್ಲ, ಎರಡು ಸ್ಟ್ಯಾಂಡು. ಹಳೆಯ ದೀಪಗಳು ಎಡಕ್ಕೆ, ಇಲ್ಲಿರುವ ದೀಪಗಳು ಬಲಕ್ಕೆ, ನಡುವೆ ಗೆರೆ ಎಳೆದು ಜೋಡಿಸಿದರೆ ಎಲ್ಲ ಸೀನೂ ಹೊಸ ದೀಪಗಳಿಗೆ ವರ್ಗವಾಗಿ ಬೇರೆ ಫೈಲಾಗುತ್ತದೆ. ಮಟ್ಟಗಳನ್ನು ಕಣ್ಣಳತೆಯಲ್ಲಿ ಸರಿಪಡಿಸುವುದು ಇದ್ದೇ ಇದೆ. ಆದರೆ 47 ಕ್ಯೂ ಮೊದಲಿಂದ ಕಟ್ಟುವುದೆಲ್ಲಿ, ಒಂದು ತಾಸು ತಿದ್ದುವುದೆಲ್ಲಿ!

ಪ್ರದರ್ಶನದ ಹೊತ್ತಿನಲ್ಲಿ ಇದು ನನಗೆ ಕೈಕೊಟ್ಟದ್ದಿಲ್ಲ, ನಾನು ಅದಕ್ಕೆ ಕೈಕೊಟ್ಟದ್ದುಂಟು. ತಾಲೀಮಿನ ಬಳಿಕ ಯಾವುದೋ ಸೀನನ್ನು ಪರೀಕ್ಷಿಸಲು ಓಡಿಸಿ, ನಿಲ್ಲಿಸುವುದು ಮರೆತಿದ್ದೆ. ಎರಡು ಸೀನು ಒಂದೇ ದೀಪವನ್ನು ಕೇಳಿದರೆ ಹೆಚ್ಚು ಕೇಳಿದವರದ್ದೇ ಗೆಲುವು ಎಂಬುದು ಇಲ್ಲಿನ ನಿಯಮ. ಹಾಗಾಗಿ ಬ್ಲ್ಯಾಕೌಟ್ ಕ್ಯೂ ಕೊಟ್ಟರೂ ಬಲಗಡೆ ವಿಂಗಿನ ಬಳಿ ತೆಳು ನೀಲಿ ಉಳಿಯಿತು. ಸತ್ತ ರಾಜ ಎದ್ದು ಲುಂಗಿ ಸರಿಮಾಡಿಕೊಂಡು ಒಳಗೆ ಹೋದದ್ದನ್ನು ಊರೆಲ್ಲ ನೋಡಿತು. ಅಂದಿನಿಂದ ಮೂರನೇ ಬೆಲ್ಲಿಗೆ ಮುಂಚೆ ಎಲ್ಲ ಫಂಕ್ಷನ್ ನಿಲ್ಲಿಸುವ ಬಟನ್ ಒತ್ತಿ, ಆಪರೇಟ್ ಮೋಡಿಗೆ ಹೋಗಿ, ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಮಾಡಿ, ವೈಫೈ ಆರಿಸುತ್ತೇನೆ. ಸ್ಪೇಸ್‌ಬಾರ್ ಎರಡು ಸಲ ಬೀಳುವ ಭಯಕ್ಕೆ ಒಂದು ಪುಟ್ಟ ನಂಬರ್ ಪ್ಯಾಡ್ ತಂದು, ಅದರ ಎಂಟರ್ ಕೀಲಿಯನ್ನೇ ಮುಂದಿನ ಕ್ಯೂಗೆ ಕೊಟ್ಟಿದ್ದೇನೆ. ಕತ್ತಲಲ್ಲಿ ಕೈಗೆ ಸಿಗಲೆಂದು ಅದರ ಮೇಲೊಂದು ಬಿಂದಿ ಅಂಟಿಸಿದೆ.

ಯಾರು ಕೊಳ್ಳಬೇಕು ಅನ್ನುವ ಪ್ರಶ್ನೆಯೇ ಇಲ್ಲ, ಕೊಳ್ಳುವುದಿಲ್ಲವಲ್ಲ. ಯಾರು ಬಳಸಬಾರದು ಹೇಳುತ್ತೇನೆ. ಒಳ್ಳೆಯ ಡೆಸ್ಕೂ ಅದನ್ನು ಬಲ್ಲ ಸಿಬ್ಬಂದಿಯೂ ಇರುವ ಮಂದಿರಕ್ಕೆ ಹೋದರೆ ಅಲ್ಲಿನದನ್ನೇ ಬಳಸಿ, ಲ್ಯಾಪ್‌ಟಾಪ್ ತೆಗೆದು ಹೊಸ ಜಗಳ ತರಬೇಡಿ. ಬೆಂಗಳೂರಿನ ರಂಗಶಂಕರದಲ್ಲಿ ಏಳೂವರೆ ಅಂದರೆ ಏಳೂವರೆ, ನಿಮ್ಮ ಪ್ರಯೋಗಕ್ಕೆ ಬಾಗಿಲು ಕಾಯುವುದಿಲ್ಲ. ನೂರಿನ್ನೂರು ಕ್ಯೂ, ದಿನವೂ ತಿದ್ದುವ ನಿರ್ದೇಶಕರು ಇದ್ದರೆ ಟ್ರ್ಯಾಕಿಂಗ್ ಇರುವುದನ್ನೇ ಹಿಡಿಯಿರಿ. ಈಯೋಸ್ ಸಾಫ್ಟ್‌ವೇರನ್ನು ಮನೆಯಲ್ಲಿ ಕೂತು ಕಲಿಯಲು ದುಡ್ಡು ಬೇಡ, ದೀಪ ಹತ್ತಿಸಲು ಮಾತ್ರ ಆ ಕಂಪನಿಯ ಯುಎಸ್‌ಬಿ ಕೀಲಿ ಕೊಳ್ಳಬೇಕು. ನಾನು ಕಲಿಯುತ್ತಿದ್ದೇನೆ, ಕೊಂಡಿಲ್ಲ.

ಆ ಎಲೆಕ್ಟ್ರಿಷಿಯನ್ ಅವತ್ತು ನಾಟಕ ಮುಗಿಯುವ ತನಕ ಕೋಣೆಯಲ್ಲೇ ನಿಂತಿದ್ದರು. ಕೊನೆಗೆ ಪೆನ್‌ಡ್ರೈವ್ ತಂದು ಹಾಕಿಸಿಕೊಂಡರು. ಹೋದ ತಿಂಗಳು ಫೋನ್ ಮಾಡಿ, ಮಗಳ ಕಾಲೇಜಿನ ಲ್ಯಾಪ್‌ಟಾಪಿನಲ್ಲಿ ಹಾಕಿದ್ದೇನೆ, ಸಾಫ್ಟ್‌ವೇರ್ ಬಂತು, ದೀಪ ಯಾಕೆ ಹತ್ತುತ್ತಿಲ್ಲ ಅಂತ ಕೇಳಿದರು. ಡಾಂಗಲ್ಲಿನ ಬೆಲೆ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ನಿಮ್ ಹಳೇದು, ಟಪಟಪ ಅನ್ನೋದು ಇದ್ಯಲ್ಲಾ ಮೇಡಂ, ಅದನ್ನೇ ಕೊಡಿ. ಡ್ಯಾನ್ಸ್‌ಗೆ ನಡೀತದೆ" ಅಂದರು. ಕೊರಿಯರ್ ಮಾಡಿದ್ದೇನೆ.