ಅರ್ಧ ಬಾಡಿಗೆ ಸಾಕು ಅಂದ ಬಾಯಿಮಾತು ನಂಬಿ 1,44,000 ಕಳೆದುಕೊಂಡೆ

ಅಂಗಡಿ ಬಾಡಿಗೆಗೆ ಹಿಡಿದಿರುವವರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೆಯುತ್ತಿದ್ದೇನೆ.

ಬೆಂಗಳೂರಲ್ಲಿ ಒಂದು ಕಾಲೇಜಿನ ಎದುರು ನನ್ನ ಜೆರಾಕ್ಸ್ ಅಂಗಡಿ ಇತ್ತು. ಬಾಡಿಗೆ 18,000, ಅಡ್ವಾನ್ಸ್ ಒಂದೂವರೆ ಲಕ್ಷ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಕಾಲೇಜೇ ಇಲ್ಲ ಅಂದ ಮೇಲೆ ಜೆರಾಕ್ಸ್ ಯಾರಿಗೆ ಬೇಕು? ಮೆಷಿನ್ ಸಾಲದ ಕಂತಿಗೆ ರಿಸರ್ವ್ ಬ್ಯಾಂಕ್ ಆಗಸ್ಟ್‌ವರೆಗೆ ಬಿಡುವು ಕೊಟ್ಟಿತು. ಬಾಡಿಗೆಗೂ ಹಾಗೇ ಏನೋ ಇರಬೇಕು ಅಂದುಕೊಂಡೆ. ಯಾರೋ ವಾಟ್ಸಾಪಲ್ಲಿ ಮಾರ್ಚ್ 29ರ ಕೇಂದ್ರ ಸರ್ಕಾರದ ಆದೇಶ ಕಳಿಸಿದ್ದರು, 'ಒಂದು ತಿಂಗಳು ಬಾಡಿಗೆ ಕೇಳುವ ಹಾಗಿಲ್ಲ' ಅಂತ. ಅದನ್ನೇ ಓನರ್‌ಗೆ ಕಳಿಸಿದೆ. ಆ ಆದೇಶ ಬಾಡಿಗೆ ಮನೆ, ರೂಮುಗಳಲ್ಲಿದ್ದ ಕೂಲಿ ಕಾರ್ಮಿಕರಿಗೆ. ಅಂಗಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಓನರ್‌ಗೆ ಅದು ಆಗಲೇ ಗೊತ್ತಿತ್ತು ಅಂತ ಈಗ ಅನಿಸುತ್ತೆ.

ಅವತ್ತೇ ಫೋನ್ ಮಾಡಿದರು. "ನೋಡಪ್ಪಾ, ಇಬ್ಬರಿಗೂ ಕಷ್ಟಾನೇ. ಕಾಲೇಜು ಸರಿಯಾಗಿ ಶುರುವಾಗೋವರೆಗೂ ಅರ್ಧ ಹಾಕು. ಮಿಕ್ಕಿದ್ದು ತಲೆ ಕೆಡಿಸ್ಕೋಬೇಡ. ಕೋರ್ಟೇ ಬಾಗಿಲು ಹಾಕಿದೆ, ಯಾರು ಯಾರನ್ನ ಖಾಲಿ ಮಾಡಿಸ್ತಾರೆ?" ಕಣ್ಣಲ್ಲಿ ನೀರು ಬಂತು ನನಗೆ. ಹೆಂಡತಿಗೆ ಹೇಳಿದೆ, ದೇವರಂಥ ಮನುಷ್ಯ ಅಂತ.

ತಿಂಗಳು ತಿಂಗಳು 9,000 ಹಾಕಿ, 'ಸರ್, ಈ ತಿಂಗಳ ಅರ್ಧ ಹಾಕಿದ್ದೇನೆ' ಅಂತ ಮೆಸೇಜ್ ಕಳಿಸುತ್ತಿದ್ದೆ. ಆ ಕಡೆಯಿಂದ ಬರೀ ಹೆಬ್ಬೆರಳಿನ ಚಿತ್ರ. ಒಂದು ಅಕ್ಷರ ಇಲ್ಲ. 2021ರ ಜುಲೈವರೆಗೆ, ಎರಡನೇ ಅಲೆ ಎಲ್ಲ ಸೇರಿ, 16 ತಿಂಗಳು. 16 ಹೆಬ್ಬೆರಳು.

ಆಗಸ್ಟ್‌ನಲ್ಲಿ ಅಗ್ರಿಮೆಂಟ್ ಹೊಸದು ಮಾಡಿಸೋಣ ಅಂದರು. 11 ತಿಂಗಳ ಮಾಮೂಲಿ ಅಗ್ರಿಮೆಂಟ್, ಎಲ್ಲರೂ ಮಾಡಿಸುವುದೇ. ಅವರ ಮನೆ ಹಜಾರದಲ್ಲಿ ಕೂರಿಸಿ ಕಾಫಿ ಕೊಟ್ಟರು. ಮೊದಲ ಪುಟ ಓದಿದೆ, ಬಾಡಿಗೆ ಅದೇ 18,000, ಖುಷಿಯಾಯಿತು. "ಮಿಕ್ಕಿದ್ದೆಲ್ಲ ಹಳೇದೇ ಕಣಪ್ಪಾ" ಅಂದರು. ಪುಟ ತಿರುಗಿಸಿ ತಿರುಗಿಸಿ ಸಹಿ ಹಾಕಿದೆ. ದಿನಾ ನೂರಾರು ಜನರ ಅಗ್ರಿಮೆಂಟ್ ಜೆರಾಕ್ಸ್ ಮಾಡುವವನು ನಾನು! ನನ್ನದನ್ನೇ ಓದಲಿಲ್ಲ.

ಮೂರನೇ ಪುಟದಲ್ಲಿ ಇದ್ದದ್ದು ಇದು: 'ಏಪ್ರಿಲ್ 2020ರಿಂದ ಜುಲೈ 2021ರವರೆಗಿನ ಬಾಡಿಗೆ ಬಾಕಿ ರೂ. 1,44,000 ಇರುವುದನ್ನು ಬಾಡಿಗೆದಾರರು ಒಪ್ಪಿರುತ್ತಾರೆ. ಸದರಿ ಮೊತ್ತವನ್ನು ಮುಂಗಡ ಹಣದಲ್ಲಿ ವಜಾ ಮಾಡಿಕೊಳ್ಳಲು ಬಾಡಿಗೆದಾರರ ಅಭ್ಯಂತರವಿರುವುದಿಲ್ಲ.'

ಇದು ಗೊತ್ತಾಗಿದ್ದು 2023ರಲ್ಲಿ, ಖಾಲಿ ಮಾಡಿ ಬೀಗದ ಕೈ ಕೊಟ್ಟು ಅಡ್ವಾನ್ಸ್ ಕೇಳಿದ ದಿನ.

"ಯಾವ ಅಡ್ವಾನ್ಸು?" ಅಂದರು. ನಿಜವಾಗಲೂ ಹಾಗೇ ಕೇಳಿದರು.

"ಸರ್, ಒಂದೂವರೆ ಲಕ್ಷ..."

"ಬಾಕಿ ಹೋಗಿ ಆರು ಸಾವಿರ ಉಳೀತು. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡೀತಾರೆ, ನಿಂಗೇ ಗೊತ್ತಲ್ವಾ. ನೀನೇ ಹನ್ನೆರಡು ಸಾವಿರ ಕೊಡಬೇಕು ನಂಗೆ."

"ಸರ್, ಅರ್ಧ ಸಾಕು ಅಂತ ನೀವೇ ಹೇಳಿದ್ರಿ."

"ಈಗ ಅರ್ಧ ಹಾಕು ಅಂದೆ. ಮಿಕ್ಕಿದ್ದು ಬಿಟ್ಟೆ ಅಂದ್ನಾ?"

ಆ ಮಾತಿಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಈಗಲೂ ಇಲ್ಲ. ರಾತ್ರಿ ಮಲಗಿದಾಗ ಅದೇ ಕಿವಿಯಲ್ಲಿ ಗುಂಯ್‌ಗುಡುತ್ತೆ. ಬಿಟ್ಟೆ ಅಂದ್ನಾ? ಬಿಟ್ಟೆ ಅಂದ್ನಾ?

ಸ್ನೇಹಿತನೊಬ್ಬ ಧೈರ್ಯ ಹೇಳಿದ, ಬಾಡಿಗೆ ಬಾಕಿಗೆ ಕೋರ್ಟಿಗೆ ಹೋಗೋಕೆ ಮೂರೇ ವರ್ಷ ವಾಯಿದೆ, 2020ರದ್ದು ಮುಗಿದುಹೋಯಿತು ಅಂತ. ಅದನ್ನೇ ಹಿಡಿದುಕೊಂಡು ಲಾಯರ್ ಹತ್ತಿರ ಓಡಿದೆ. ಅವರು ನಕ್ಕರು. ಕೋವಿಡ್‌ನಲ್ಲಿ ಜನ ಕೋರ್ಟಿಗೆ ಬರಲಾಗದೆ ವಾಯಿದೆ ತಪ್ಪಬಾರದು ಅಂತ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಲೆಕ್ಕದಿಂದಲೇ ತೆಗೆದಿದೆಯಂತೆ. ಅಂದರೆ ಬಾಗಿಲು ಹಾಕಿದ್ದ ಕೋರ್ಟು ಓನರ್‌ಗೇ ಅನುಕೂಲ ಆಯಿತು. "ಅದೂ ಬೇಡ, ನೀವೇ ಬಾಕಿ ಒಪ್ಪಿ ಸಹಿ ಹಾಕಿದ್ದೀರಲ್ಲ" ಅಂದರು.

ಬಾಡಿಗೆ ಕಾಯಿದೆ ಇಲ್ವಾ ಅಂತ ಕೇಳಿದೆ. ಕರ್ನಾಟಕದ 1999ರ ಕಾಯಿದೆ 14 ಚದರ ಮೀಟರ್ ದಾಟಿದ ಅಂಗಡಿಗೆ ಬರುವುದೇ ಇಲ್ಲ. ಅಂದರೆ ಸುಮಾರು 150 ಚದರ ಅಡಿ. ನನ್ನದು ಹತ್ತು ಇಪ್ಪತ್ತು, 200 ಅಡಿ. 50 ಅಡಿ ಜಾಸ್ತಿ ಇದ್ದ ತಪ್ಪಿಗೆ ಅದೂ ಹೋಯಿತು! ವ್ಯಾಪಾರ ಇಲ್ಲ ಅಂತ ಬಾಡಿಗೆ ಮನ್ನಾ ಕೇಳಿದವರ ಕಥೆಯನ್ನೂ ಹೇಳಿದರು. ದೆಹಲಿಯ ಖಾನ್ ಮಾರ್ಕೆಟ್‌ನ ಒಂದು ಅಂಗಡಿ ಕೇಸಲ್ಲಿ, 2020ರ ಮೇ ತಿಂಗಳಲ್ಲೇ, ಹೈಕೋರ್ಟ್ ಒಪ್ಪಲಿಲ್ಲ. ಅಂಗಡಿ ನಿಮ್ಮ ಕೈಯಲ್ಲೇ ಇದೆ, ಕರಾರಿನಲ್ಲಿ ವಿನಾಯಿತಿ ಬರೆದಿಲ್ಲ ಅಂದರೆ ಬಾಡಿಗೆ ಕೊಡಲೇಬೇಕು, ಬೇಕಾದರೆ ಸ್ವಲ್ಪ ಟೈಮ್ ತಗೊಳ್ಳಿ, ಅಷ್ಟೆ. ಲಾಕ್‌ಡೌನಲ್ಲಿ ನಮ್ಮ ಹೈಕೋರ್ಟ್ ಖಾಲಿ ಮಾಡಿಸುವ ಆದೇಶಗಳನ್ನು ತಡೆಹಿಡಿದಿದ್ದು ನಿಜ. ಆದರೆ ಖಾಲಿ ಮಾಡಿಸದಿರುವುದು ಬೇರೆ, ಬಾಕಿ ಮನ್ನಾ ಮಾಡುವುದು ಬೇರೆ. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಆ 16 ಹೆಬ್ಬೆರಳನ್ನೂ ತೋರಿಸಿದೆ. "ಇದು ಹಣ ಬಂತು ಅನ್ನೋದಕ್ಕೆ ಸಾಕ್ಷಿ. ಮಿಕ್ಕಿದ್ದು ಬಿಟ್ಟರು ಅನ್ನೋದಕ್ಕಲ್ಲ" ಅಂದರು. ಬಿ.ಕಾಂ. ಓದಿದವನು ನಾನು, ಹೆಬ್ಬೆಟ್ಟಿಗಿಂತ ಕಡೆಯಾದೆ.

ಬಾಡಿಗೆ ಕಡಿಮೆ ಮಾಡಿದರೆ ಅವತ್ತೇ ಬರೆಸಿಕೊಳ್ಳಿ. 'ಮಿಕ್ಕಿದ್ದು ಮನ್ನಾ' ಅನ್ನೋ ಪದವೇ ಇರಬೇಕು. ಹೊಸ ಅಗ್ರಿಮೆಂಟ್ ಮನೆಗೆ ತಂದು ಓದಿ, ಕಾಫಿ ಕುಡಿದುಕೊಂಡು ಸಹಿ ಹಾಕಬೇಡಿ. ಒಳ್ಳೆಯ ಮಾತಾಡುವ ಓನರ್ ಹತ್ತಿರ ಇನ್ನೂ ಜಾಸ್ತಿ ಹುಷಾರಾಗಿರಿ. ಕಿರಿಕಿರಿ ಮಾಡುವವರೇ ವಾಸಿ.

ಸುಮ್ನೆ ಬಿಡೋಕೆ ಮನಸ್ಸು ಬರಲಿಲ್ಲ, ಲಾಯರ್ ಕೈಲಿ ನೋಟಿಸ್ ಕಳಿಸಿದೆ. ಅದಕ್ಕೂ ದುಡ್ಡು ಕೊಟ್ಟೆ. ಅವರ ಲಾಯರಿಂದ ಉತ್ತರ ಬಂದಿದೆ. ಆ 12,000ವನ್ನು ಹದಿನೈದು ದಿನದೊಳಗೆ ಕಟ್ಟಬೇಕಂತೆ, ಬಡ್ಡಿ ಸೇರಿಸಿ.