ಏರಿಯಾ ಸ್ಕ್ಯಾನೋ, ಲೈನ್ ಸ್ಕ್ಯಾನೋ: ಕನ್ವೇಯರ್ ತಪಾಸಣೆಗೆ ಯಾವ ಕ್ಯಾಮೆರಾ?

ಬಾಟಲಿ, ಬೇರಿಂಗ್, ಸರ್ಕ್ಯೂಟ್ ಬೋರ್ಡ್‌ನಂತೆ ಬಿಡಿಬಿಡಿಯಾಗಿ ಬರುವ ವಸ್ತುಗಳಿಗೆ ಏರಿಯಾ ಸ್ಕ್ಯಾನ್ ಸಾಕು. ವಸ್ತು ಬಂತೆಂದು ಸೆನ್ಸರ್ ಹೇಳುತ್ತದೆ, ಲೈಟ್ ಮಿಂಚುತ್ತದೆ, ಇಡೀ ಚಿತ್ರ ಒಂದೇ ಸಲಕ್ಕೆ ಸಿಗುತ್ತದೆ. ಇಡೀ ಚಿತ್ರವನ್ನು ಒಂದೇ ಕ್ಷಣಕ್ಕೆ ಹಿಡಿಯುವ ಗ್ಲೋಬಲ್ ಶಟರ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಚಿತ್ರವನ್ನು ಸಾಲು ಸಾಲಾಗಿ ಹಿಡಿಯುವ ರೋಲಿಂಗ್ ಶಟರ್‌ನಲ್ಲಿ ಓಡುವ ವಸ್ತುವಿನ ಆಕಾರ ಓರೆಯಾಗಬಹುದು. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಸಮಯ, ಅದರ ಲೆಕ್ಕವನ್ನೂ ಮೊದಲೇ ಹಾಕಿ: ಬೆಲ್ಟ್ ಸೆಕೆಂಡಿಗೆ 500 ಮಿ.ಮೀ. ಓಡುವಾಗ ಎಕ್ಸ್‌ಪೋಷರ್ 1 ಮಿಲಿಸೆಕೆಂಡ್ ಇಟ್ಟರೆ ಚಿತ್ರ ಅರ್ಧ ಮಿ.ಮೀ.ನಷ್ಟು ಮಸುಕಾಗುತ್ತದೆ. 0.1 ಮಿ.ಮೀ. ಗೀರು ಹುಡುಕುವವರಿಗೆ ಆ ಚಿತ್ರ ಉಪಯೋಗಕ್ಕೆ ಬರುವುದಿಲ್ಲ. ಎಕ್ಸ್‌ಪೋಷರ್ ಇಳಿಸಿ, ಲೈಟ್ ಏರಿಸಿ.

ಬಟ್ಟೆ, ಕಾಗದ, ಉಕ್ಕಿನ ಹಾಳೆ ಹೀಗೆ ಒಂದೇ ಸಮನೆ ಹರಿದುಬರುವುದಕ್ಕೆ ಲೈನ್ ಸ್ಕ್ಯಾನ್. ಇದು ಸಾಲಿನ ಮೇಲೆ ಸಾಲು ಓದುತ್ತಾ ಚಿತ್ರ ಕಟ್ಟುತ್ತದೆ. ದುಂಡನೆಯ ಡಬ್ಬಿಯನ್ನು ಅದರೆದುರು ತಿರುಗಿಸಿದರೆ ಸುತ್ತಲಿನ ಲೇಬಲ್ ಪೂರ್ತಿ ಬಿಚ್ಚಿಟ್ಟ ಹಾಗೆ ಕಾಣುತ್ತದೆ; ಎಷ್ಟು ಸಲ ನೋಡಿದರೂ ನನಗೆ ಖುಷಿ. ಆದರೆ ಬೆಲ್ಟ್ ಎಷ್ಟು ಸರಿಯಿತೆಂದು ಎಣಿಸಿ ಕ್ಯಾಮೆರಾಗೆ ಹೇಳುವ ಎನ್‌ಕೋಡರ್ ಬೇಕೇ ಬೇಕು. ಅದಿಲ್ಲದೆ ಬೆಲ್ಟ್ ನಿಧಾನವಾದರೆ ಚಿತ್ರ ಹಿಗ್ಗುತ್ತದೆ, ಜೋರಾದರೆ ಕುಗ್ಗುತ್ತದೆ. ಸರಿಯಿರುವ ಮಾಲೂ ರಿಜೆಕ್ಟ್ ಆಗುತ್ತದೆ. ಮೋಟಾರ್ ಶಾಫ್ಟ್‌ಗಿಂತ ಬೆಲ್ಟ್‌ಗೇ ತಾಗಿ ಉರುಳುವ ಚಕ್ರಕ್ಕೆ ಎನ್‌ಕೋಡರ್ ಕೂರಿಸಿ, ಏಕೆಂದರೆ ಡ್ರೈವ್ ರೋಲರ್ ಮೇಲೆ ಬೆಲ್ಟ್ ಜಾರಿದರೂ ಶಾಫ್ಟ್ ಎಣಿಸುತ್ತಲೇ ಇರುತ್ತದೆ.

ಜೋಡಣೆಯಲ್ಲಿ ಏರಿಯಾ ಸ್ಕ್ಯಾನ್ ಸುಲಭ. ಮೊದಲ ಬಾರಿ ಮಾಡುವವರು, ಮಾಲು ಒಂದೇ ಫ್ರೇಮಿನಲ್ಲಿ ಹಿಡಿಯುವಂತಿದ್ದರೆ, ಅದನ್ನೇ ಆರಿಸಿಕೊಳ್ಳಿ.