ಡಿ ಅಂಡ್ ಡಿ ಹಳತು, ಹೊಸತು, ಪಾಥ್‌ಫೈಂಡರ್: ಬದಿಯಡ್ಕದಲ್ಲಿ ಆಡಿ ನೋಡಿದ್ದು

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟಿ ಆಡುವ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಚಿಕ್ಕದಾಗಿ ಡಿ ಅಂಡ್ ಡಿ. ಅದರ 2014ರ ನಿಯಮಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ಮನೆಯಲ್ಲಿ ಇರುವವರೆಲ್ಲ ಕೇಳುವುದು ಒಂದೇ: 2024ರದ್ದು ಮತ್ತೆ ದುಡ್ಡು ಕೊಟ್ಟು ತರಬೇಕಾ? ನಿಮ್ಮ ಗುಂಪಿನಲ್ಲಿ ನಿಯಮ ಓದುವವರು ಎಷ್ಟು ಜನ ಎಂದು ನಾನು ತಿರುಗಿ ಕೇಳುತ್ತೇನೆ. ನಮ್ಮಲ್ಲಿ ನಾನೊಬ್ಬನೇ. ಉಳಿದವರು ಕೇಳಿಕೊಂಡು ಆಡುವವರು. ತಾಳಮದ್ದಲೆ ಕೇಳುತ್ತಾ ಬೆಳೆದ ಕಾಸರಗೋಡಿನ ಹುಡುಗರಿಗೆ ನಿಂತ ನಿಲುವಿನಲ್ಲಿ ಮಾತು ಕಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕಥೆ ನಡೆಸುವ ಡಂಜನ್ ಮಾಸ್ಟರನ್ನು ಅವರು ಕರೆಯುವುದೇ ಭಾಗವತರು ಎಂದು. ಅವರ ತಲೆನೋವು ಲೆಕ್ಕ. ಆದ್ದರಿಂದ ನಾನು ನೋಡಿದ್ದು ಎರಡೇ: ಆಟ ನಿಲ್ಲಿಸಿ ಪುಸ್ತಕ ತೆರೆಯುವ ಪ್ರಸಂಗ ಎಷ್ಟು ಬರುತ್ತದೆ, ತೆರೆದರೆ ಉತ್ತರ ಸಿಗುತ್ತದೋ ಇಲ್ಲವೋ.

ಬೇಕಲ ಕೋಟೆಯನ್ನೇ ಮನಸ್ಸಲ್ಲಿಟ್ಟು ಒಂದು ಕಡಲ ಕೋಟೆ ಬರೆದೆ. ಮುರಕಲ್ಲಿನ ಗೋಡೆ, ನಡುವೆ ವೀಕ್ಷಣಾ ಗೋಪುರ, ಬುರುಜಿನ ಹಿಂದೆ ಬಿಲ್ಲು ಹಿಡಿದ ಗಾಬ್ಲಿನ್ ಎಂಬ ಕುಳ್ಳ ದುಷ್ಟಜೀವಿಗಳು. ಅದೇ ಕಥೆಯನ್ನು ಹಳೆಯ ಡಿ ಅಂಡ್ ಡಿ, ಹೊಸ ಡಿ ಅಂಡ್ ಡಿ, ಅದೇ ಜಾತಿಯ ಇನ್ನೊಂದು ಆಟವಾದ ಪಾಥ್‌ಫೈಂಡರ್ ಎರಡನೇ ಆವೃತ್ತಿಯ ರೀಮಾಸ್ಟರ್, ಈ ಮೂರರಲ್ಲೂ ಆಡಿಸಿದೆ.

ಮೂರನೆಯದು ಯಾಕೆ ಎಂದರೆ, ಅದೂ ಪರಿಷ್ಕರಣೆಯೇ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಿಸನ್ ಹೊರತಂದ ಆಟಕ್ಕೆ ಐವತ್ತು ತುಂಬಿದ ವರ್ಷ ಅದರ ಕಂಪನಿ ವಿಝರ್ಡ್ಸ್ ಆಫ್ ದ ಕೋಸ್ಟ್ 320 ಪುಟದ ಪುಸ್ತಕವನ್ನು 384 ಪುಟ ಮಾಡಿ ಹೊಸದಾಗಿ ಬರೆಯಿತು. ಪಾಥ್‌ಫೈಂಡರಿನ ಪೈಜೋ ಕಂಪನಿ ಹೊಸದಾಗಿ ಬರೆಯಬೇಕಾಗಿ ಬಂದದ್ದು, ಡಿ ಅಂಡ್ ಡಿ ನಿಯಮಗಳನ್ನು ಬೇರೆಯವರೂ ಬಳಸಲು ಕೊಟ್ಟಿದ್ದ ಓಪನ್ ಗೇಮ್ ಲೈಸೆನ್ಸ್ ಎಂಬ ಪರವಾನಗಿಯ ಬಗ್ಗೆ 2023ರ ಜನವರಿಯಲ್ಲಿ ಎದ್ದ ಗಲಾಟೆಯಿಂದ. ಡಿ ಅಂಡ್ ಡಿಯಿಂದ ಬಂದ ಹೆಸರುಗಳನ್ನೂ ಗುರುತುಗಳನ್ನೂ ಕಳಚಿ, ಅದೇ ವರ್ಷ ನವೆಂಬರಿನಲ್ಲಿ ಪ್ಲೇಯರ್ ಕೋರ್, ಜಿಎಂ ಕೋರ್ ಎಂದು ಎರಡು ಪುಸ್ತಕ ತಂದಿತು. ಒಬ್ಬರದ್ದು ಹಬ್ಬದ ಸುಣ್ಣಬಣ್ಣ, ಇನ್ನೊಬ್ಬರದ್ದು ಪಾಲಾದ ಮೇಲೆ ಹೊಸ ಮನೆ.

ಬುರುಜಿನ ಹಿಂದಿನ ಹೊಂಚಿನಿಂದಲೇ ಶುರು ಮಾಡುವ. 2014ರ ನಿಯಮದಲ್ಲಿ ಹೊಂಚಿಗೆ ಸಿಕ್ಕವನಿಗೆ ಮೊದಲ ಸರದಿಯೇ ಇಲ್ಲ. ಅಲುಗುವಂತಿಲ್ಲ, ಏನೂ ಮಾಡುವಂತಿಲ್ಲ, ಆ ಸರದಿ ಮುಗಿಯುವವರೆಗೆ ರಿಯಾಕ್ಷನ್ನೂ, ಅಂದರೆ ಎದುರಾಳಿಯ ನಡೆಗೆ ತಕ್ಷಣ ಕೊಡುವ ಉತ್ತರವೂ ಇಲ್ಲ. ಒಂದನೇ ಲೆವೆಲ್ಲಿನ ಮಾಂತ್ರಿಕನ ಜೀವಬಲ 8. ಗಾಬ್ಲಿನ್ನಿನ ಒಂದು ಬಾಣಕ್ಕೆ ಆರು ಮುಖದ ದಾಳ ಮತ್ತು 2, ಅಂದರೆ ಸರಾಸರಿ ಐದೂವರೆ. ಎರಡು ಬಾಣ ತಾಗಿತು, ಅವನು ನೆಲ ಕಂಡ. ರಿಯಾಕ್ಷನ್ನಾಗಿ ಹೇಳಿ ಏಟು ತಡೆಯುವ ಶೀಲ್ಡ್ ಮಂತ್ರ ಹಾಳೆಯಲ್ಲಿ ಬರೆದದ್ದು ಬರೆದ ಹಾಗೇ ಉಳಿಯಿತು. "ಎಂತ ಮಾರಾಯ, ನಾನಿನ್ನು ಬಾಯಿ ತೆರೆಯಲೇ ಇಲ್ಲ!" ಎಂದು ಆಡುತ್ತಿದ್ದವನು ಚಾ ಕುಡಿಯಲು ಎದ್ದು ಹೋದ. ಅವನ ಸಿಟ್ಟು ನ್ಯಾಯದ್ದೇ.

2024ರಲ್ಲಿ ಹೊಂಚಿಗೆ ಬಿದ್ದವನು ಸರದಿಯ ಕ್ರಮ ಹೇಳುವ ಇನಿಶಿಯೇಟಿವ್ ದಾಳವನ್ನು ಡಿಸ್ಅಡ್ವಾಂಟೇಜಿನಲ್ಲಿ (ಎರಡು ಸಲ ಹಾಕಿ ಕಡಿಮೆ ಬಂದದ್ದು) ಹಾಕುತ್ತಾನೆ, ಅಷ್ಟೇ. ತಡವಾಗಬಹುದು, ಆದರೆ ಸರದಿ ತಪ್ಪುವುದಿಲ್ಲ, ಬಾಣ ಬಂದಾಗ ಶೀಲ್ಡ್ ಹೇಳಬಹುದು. ಅದೇ ಮಾಂತ್ರಿಕ ಈ ಸಲ ಗೋಪುರದ ಮೆಟ್ಟಿಲವರೆಗೆ ಬಂದ. ಹೊಂಚು ಹಾಕುವ ಕಡೆಯವರಿಗೆ ಇದು ಸಪ್ಪೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ವಾರಕ್ಕೊಮ್ಮೆ ಸಿಗುವ ಮೂರು ಗಂಟೆಯಲ್ಲಿ ಒಬ್ಬನನ್ನು ಸುಮ್ಮನೆ ಕೂರಿಸುವ ನಿಯಮ ನನಗೆ ಬೇಡ. ಪಾಥ್‌ಫೈಂಡರಿನಲ್ಲಿ ಅಡಗಿದವರು ಸ್ಟೆಲ್ತ್ (ಅಡಗುವ ಕೌಶಲ) ಹಾಕುತ್ತಾರೆ, ಉಳಿದವರು ಪರ್ಸೆಪ್ಷನ್ (ಗಮನಿಸುವ ಕೌಶಲ). ಆ ಅಂಕಗಳೇ ಸರದಿಯ ಕ್ರಮ. ಮೇಲಾಗಿ ಅಲ್ಲಿ ಮನುಷ್ಯ ಮಾಂತ್ರಿಕ ಶುರುವಾಗುವುದೇ 14, 15 ಜೀವಬಲದಲ್ಲಿ. ಮೂರರಲ್ಲಿ ಅತ್ಯಂತ ಹಿಡಿಸಿದ್ದು ಇದು.

ಇನ್ನು ಆಯುಧಗಳ ವಿಷಯ. ಹಳೆಯ ಪುಸ್ತಕದ ಫೈಟರ್, ಅಂದರೆ ಯೋಧ, ಬೇಸರದ ಮನುಷ್ಯ: ಬೀಸು, ತಾಗಿತಾ, ಲೆಕ್ಕ ಹೇಳು, ಮುಂದಿನವನು. 2024ರವರು ಅವನಿಗೆ ವೆಪನ್ ಮಾಸ್ಟರಿ ಎಂಬ ಆಯುಧದ ಪಟ್ಟುಗಳನ್ನು ಕೊಟ್ಟರು, ಒಟ್ಟು ಎಂಟು ಬಗೆ. ಗ್ರೇಜ್ ಇದ್ದರೆ ಏಟು ತಪ್ಪಿದರೂ ಒಂದಿಷ್ಟು ಹಾನಿ, ಪುಶ್ ಇದ್ದರೆ ಎದುರಾಳಿ 10 ಅಡಿ ಹಿಂದಕ್ಕೆ. ಕೋಟೆಯ ಗೋಡೆ ಮೇಲೆ ಪುಶ್ ಎಂದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗಾಬ್ಲಿನ್ ಕಡಲಿಗೆ ಹೋಯಿತು, ಎಲ್ಲರೂ ಕೂಗಿದರು.

ಎದುರಾಳಿಯನ್ನು ನೆಲಕ್ಕೆ ಕೆಡಹುವ ಟಾಪಲ್ ಮಾತ್ರ ನಮ್ಮನ್ನು ಸುಸ್ತು ಮಾಡಿತು. ಅದು ಇರುವ ಆಯುಧ ತಾಗಿದಾಗೆಲ್ಲ ಎದುರಾಳಿ ಕಾನ್ಸ್ಟಿಟ್ಯೂಷನ್ ಸೇವ್, ಅಂದರೆ ದೇಹಬಲದಿಂದ ತಡೆದುಕೊಳ್ಳುವ ದಾಳ, ಹಾಕಬೇಕು. ಶಕ್ತಿ 16 ಇರುವ ಒಂದನೇ ಲೆವೆಲ್ಲಿನವನಿಗೆ ಗುರಿ 13: ಮೂಲ 8, ಶಕ್ತಿ 16ಕ್ಕೆ ಸಿಗುವ 3, ಪ್ರೊಫಿಷಿಯನ್ಸಿಯ (ಪಳಗಿದ ಕೈಯ) 2. ಒಮ್ಮೆ ಆದರೆ ಸರಿ. ಪ್ರತಿ ಏಟಿಗೂ ಅವನೊಂದು ದಾಳ, ನಾನೊಂದು ದಾಳ, ಬಿದ್ದಿತಾ, ಬಿದ್ದರೆ ಯಾರಿಗೆ ಅಡ್ವಾಂಟೇಜ್ (ಎರಡು ಸಲ ಹಾಕಿ ಹೆಚ್ಚು ಬಂದದ್ದು), ದೂರದಿಂದ ಬಾಣ ಬಿಡುವವನಿಗೆ ಯಾಕೆ ಡಿಸ್ಅಡ್ವಾಂಟೇಜ್, ಹೀಗೆ ಮಾತು ಬೆಳೆಯುತ್ತದೆ. ನಾವು ಟಾಪಲ್ ಕೈಬಿಟ್ಟೆವು. ನಾಲ್ವರೂ ಸ್ವಂತ ಪುಸ್ತಕ ಓದುವ ಗುಂಪಿಗೆ ಅದು ಭಾರವಾಗಲಿಕ್ಕಿಲ್ಲ.

ಕಣ್ಣುಮುಚ್ಚಿ ಒಪ್ಪಬಹುದಾದ ಬದಲಾವಣೆಗಳೂ ಉಂಟು. ಗಾಯ ಮಾಯಿಸುವ ಹೀಲಿಂಗ್ ಪೋಷನ್ ಕುಡಿಯುವುದು ಈಗ ಬೋನಸ್ ಆಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸದ ಜತೆಗೇ ಮಾಡಬಹುದಾದದ್ದು. ಎಷ್ಟೋ ಗುಂಪುಗಳು ಮೊದಲೇ ಹಾಗೆ ಆಡುತ್ತಿದ್ದವು. ಕ್ಯೂರ್ ವೂಂಡ್ಸ್ ಎಂಬ ಗಾಯ ಮಾಯಿಸುವ ಮಂತ್ರ ಒಂದು ಎಂಟು ಮುಖದ ದಾಳದಿಂದ ಎರಡಕ್ಕೆ ಏರಿದೆ. ಆಯಾಸದ ಆರು ಹಂತಗಳಿಗೆ ಹಿಂದೆ ಆರು ಬಗೆಯ ತೊಂದರೆ, ಪಟ್ಟಿ ನೋಡದೆ ಗತಿ ಇರಲಿಲ್ಲ. ಈಗ ಹಂತಕ್ಕೆ ಇಪ್ಪತ್ತು ಮುಖದ ದಾಳದಲ್ಲಿ 2 ಕಡಿಮೆ, ನಡಿಗೆಯಲ್ಲಿ 5 ಅಡಿ ಕಡಿಮೆ, ಆರಕ್ಕೆ ಸಾವು. ಒಮ್ಮೆ ಕೇಳಿದವರು ಮರೆಯುವುದಿಲ್ಲ.

ನನಗೆ ಕಿರಿಕಿರಿಯಾದದ್ದು ಹಿನ್ನೆಲೆಗಳ, ಅಂದರೆ ಪಾತ್ರದ ಹಿಂದಿನ ಬದುಕಿನ, ಅಧ್ಯಾಯ. ಹಳೆಯದರಲ್ಲಿ ಸಾಮರ್ಥ್ಯದ ಅಂಕ ಹೆಚ್ಚುತ್ತಿದ್ದುದು ಕುಲದಿಂದ; ಕುಳ್ಳನಾದರೆ (ಡ್ವಾರ್ಫ್) ಗಟ್ಟಿ, ಎಲ್ಫ್ ಆದರೆ ಚುರುಕು. ಹೊಸದರಲ್ಲಿ ಕುಲದ ಪಾಲು ತೆಗೆದು ಹಿನ್ನೆಲೆಗೆ ಕೊಟ್ಟಿದ್ದಾರೆ. ವಿಚಾರ ಒಳ್ಳೆಯದೇ. ಆದರೆ ನಮ್ಮವನೊಬ್ಬನಿಗೆ ಅಡಿಕೆ ತೋಟದಲ್ಲಿ ಬೆಳೆದು ಮಾಂತ್ರಿಕನಾದ ಹುಡುಗನನ್ನು ಆಡುವ ಆಸೆ. ಫಾರ್ಮರ್ ಹಿನ್ನೆಲೆ ತೆಗೆದರೆ ಏರುವುದು ಶಕ್ತಿ, ದೇಹಬಲ, ವಿವೇಕ. ಮಾಂತ್ರಿಕನಿಗೆ ಬೇಕಾದ ಬುದ್ಧಿಶಕ್ತಿ ಆ ಪಟ್ಟಿಯಲ್ಲೇ ಇಲ್ಲ. ಬುದ್ಧಿ ಬೇಕಿದ್ದರೆ ಬೇರೆ ಹಿನ್ನೆಲೆ ತೆಗೆ, ಉದಾಹರಣೆಗೆ ಸೇಜ್ ಆಗು, ಅಂದರೆ ಪುಸ್ತಕದ ಹುಳು. ತೋಟದಲ್ಲಿ ಮದ್ದು ಬಿಡುವ ಲೆಕ್ಕ, ಮಳೆಯ ಲೆಕ್ಕ, ಕೊಳೆರೋಗದ ಲೆಕ್ಕ ಹಾಕುವವನಿಗೆ ಬುದ್ಧಿ ಇಲ್ಲವಾ? ಹಳೆಯ ಪುಸ್ತಕದ ಫೋಕ್ ಹೀರೋ ಹಿನ್ನೆಲೆ ಯಾವ ಅಂಕಕ್ಕೂ ಗಂಟು ಬಿದ್ದಿರಲಿಲ್ಲ. ಸ್ವಂತ ಹಿನ್ನೆಲೆ ಕಟ್ಟುವ ದಾರಿ ಹೊಸ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿದೆ, ಅಂದರೆ ಇನ್ನೊಂದು ಪುಸ್ತಕಕ್ಕೆ ದುಡ್ಡು. ನಾನು ಅಂಕ ಎಲ್ಲಿ ಬೇಕಾದರೂ ಹಾಕಿಕೋ ಎಂದುಬಿಟ್ಟೆ.

ಅಡಗುವ ನಿಯಮದಲ್ಲಿ ಹೊಸದು ಒಂದು ಕಡೆ ಸರಿ ಮಾಡಿ ಇನ್ನೊಂದು ಕಡೆ ಸಿಕ್ಕು ಹಾಕಿದೆ. ಹಿಂದೆ ಎಲ್ಲಿ ಅಡಗಬಹುದು ಎಂಬುದು ಮಾಸ್ಟರಿನ ಮರ್ಜಿ. ಈಗ ಮರೆಯಲ್ಲಿ ನಿಂತು ಸ್ಟೆಲ್ತ್ 15 ಮುಟ್ಟಿದರೆ ಇನ್ವಿಸಿಬಲ್ (ಕಾಣದವನು) ಎಂಬ ಸ್ಥಿತಿ ಸಿಗುತ್ತದೆ. "ಹಾಗಾದರೆ ಅಂಗಳದ ನಡುವೆ ನಡೆದು ಹೋಗುತ್ತೇನೆ" ಎಂದ ನಮ್ಮ ರೋಗ್, ಅಂದರೆ ಕಳ್ಳನ ಪಾತ್ರದವನು. ವೈರಿ ಕಂಡುಹಿಡಿದರೆ ಮುಗಿಯಿತು ಎಂದು ಪುಸ್ತಕದಲ್ಲಿದೆ. ಬಿಸಿಲಲ್ಲಿ ಎದುರಿಗೆ ಬಂದವನನ್ನು ಕಂಡುಹಿಡಿಯಲು ಎಷ್ಟು ಹೊತ್ತು ಬೇಕು? ಅದನ್ನೂ ನಾನೇ ತೀರ್ಮಾನಿಸಿದೆ. ಆದರೂ ಉತ್ತರ ಹುಡುಕಲು ಹೊಸ ಪುಸ್ತಕವೇ ಸುಖ. ಹಿಂಬದಿಯಲ್ಲಿ ಅಕಾರಾದಿಯಾಗಿ ನಿಯಮಕೋಶ ಇದೆ. ಹೈಡ್, ಗ್ರಾಪಲ್, ಪ್ರೋನ್ ಎಲ್ಲ ಅಲ್ಲೇ. 2014ರ ಸೂಚಿಯಂತೂ ಸಾಸಿವೆ ಅಕ್ಷರ, ಅದರಲ್ಲೂ "ಇಲ್ಲಿ ನೋಡಿ, ಅಲ್ಲಿ ನೋಡಿ".

ಪಾಥ್‌ಫೈಂಡರನ್ನು ನಾವು ಮುಂದುವರಿಸಲಿಲ್ಲ, ಅದು ಬೇಸರದ ವಿಷಯವೇ. ಅದರ ಸರದಿಗೆ ಮೂರು ಕೆಲಸ ಎಂಬುದು ಮೂರು ಆಟಗಳ ಪೈಕಿ ಎಲ್ಲಕ್ಕಿಂತ ಬೇಗ ತಲೆಗೆ ಹೋದ ನಿಯಮ: ನಡೆ, ಹೊಡೆ, ಗುರಾಣಿ ಎತ್ತು. ರೀಮಾಸ್ಟರಿನಲ್ಲಿ ಸಾಮರ್ಥ್ಯದ ಅಂಕವನ್ನು 18 ಎಂದು ಬರೆದು 4 ಎಂದು ಓದುವ ಹಳೆಯ ಪದ್ಧತಿಯನ್ನೂ ಬಿಟ್ಟು 4 ಎಂದೇ ಬರೆಯುತ್ತಾರೆ; ಡಿ ಅಂಡ್ ಡಿಯವರಿಗೆ ಐವತ್ತನೇ ವರ್ಷದಲ್ಲೂ ಅಷ್ಟು ಧೈರ್ಯ ಬರಲಿಲ್ಲ. ಆದರೆ ಎರಡನೇ ಏಟಿಗೆ 5 ಕಡಿಮೆ, ಮೂರನೆಯದಕ್ಕೆ 10 ಕಡಿಮೆ, ಗುರಿಗಿಂತ 10 ಮೇಲಾದರೆ ಕ್ರಿಟಿಕಲ್ (ದುಪ್ಪಟ್ಟು ಹಾನಿ), ಜತೆಗೆ ಅಲ್ಲೊಂದು ಇಲ್ಲೊಂದು ಅಂಕದ ಕೂಡು ಕಳೆ. ಎರಡನೇ ಗಂಟೆಗೆ ಎಲ್ಲರೂ ನನ್ನ ಮುಖ ನೋಡತೊಡಗಿದರು. ನಿಯಮವೆಲ್ಲ ಆರ್ಕೈವ್ಸ್ ಆಫ್ ನೇಥಿಸ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ ನಿಜ. ಆಟಿಯ ಮಳೆಗೆ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುವ ನಮ್ಮ ಕಡೆ ಆ ಪುಕ್ಕಟೆ ಅರ್ಧ ದಿನದ್ದು.

ಹಾಗಾಗಿ ಕೈಗೆ ಎಟಕುವ ಉಪಾಯ: 2025ರ ಏಪ್ರಿಲ್‌ನಲ್ಲಿ ಬಂದ, ವಿಝರ್ಡ್ಸ್‌ನವರೇ ಪುಕ್ಕಟೆ ಕೊಡುವ ನಿಯಮಸಂಗ್ರಹ ಎಸ್‌ಆರ್‌ಡಿ 5.2 ಇಳಿಸಿಕೊಳ್ಳಿ. 2024ರ ನಿಯಮಗಳ ತಿರುಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ, ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಸ್ಪೈರಲ್ ಹಾಕಿಸಲು ಯಾರ ಅಪ್ಪಣೆಯೂ ಬೇಡ. ಪ್ರತಿ ಕ್ಲಾಸಿಗೆ (ಫೈಟರ್, ಮಾಂತ್ರಿಕ, ರೋಗ್ ಮುಂತಾದ ಪಾತ್ರದ ವರ್ಗಕ್ಕೆ) ಒಂದೇ ಉಪವರ್ಗ, ಹಿನ್ನೆಲೆಗಳು ನಾಲ್ಕೇ, ಆದರೆ ನಿಯಮಕೋಶವೂ ವೆಪನ್ ಮಾಸ್ಟರಿಯೂ ಇವೆ. ಎರಡು ತಿಂಗಳು ಅದರಲ್ಲಿ ಆಡಿ, ಆಮೇಲೆ ದೊಡ್ಡ ಪುಸ್ತಕದ ಯೋಚನೆ ಮಾಡಿ. ಹಳೆಯ ಸಾಹಸ ಪುಸ್ತಕಗಳನ್ನು ಎಸೆಯಬೇಡಿ. ಹೊಸ ಪಾತ್ರಗಳಿಗೆ ಅವು ಸ್ವಲ್ಪ ಸುಲಭವಾಗುತ್ತವೆ, ಅಷ್ಟೇ. 2014ರ ಗಾಬ್ಲಿನ್ನಿನ ಜೀವಬಲ 7, ಹೊಸ ಗಾಬ್ಲಿನ್ ವಾರಿಯರ್‌ನದ್ದು 10. ಆ ಮೂರನ್ನು ಪೆನ್ಸಿಲಿನಲ್ಲಿ ಕೂಡಿಸಿ, ಗೋಡೆ ಹಿಂದೆ ಇನ್ನೊಂದನ್ನು ಜಾಸ್ತಿ ನಿಲ್ಲಿಸಿ.